ಆ ಪೆನ್ನಲ್ಲಿ ಇಂಕ್ ಇದೆಯಾ ಸಾರ್?

ಕಳೆದ ವಾರ ಒಬ್ಬ ವೀಕ್ಷಕರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಪ್ರಶ್ನೆ ಕಳಿಸಿದ್ದರು. "ಸಾರ್, ದಿನಾ ರಾತ್ರಿ ಪೆನ್ ತೋರಿಸ್ಕೊಂಡು ಎಲ್ಲರನ್ನೂ ಪ್ರಶ್ನೆ ಕೇಳ್ತೀರಲ್ಲ, ಆ ಪೆನ್ನಲ್ಲಿ ಇಂಕ್ ಇದೆಯಾ?"

ನಕ್ಕುಬಿಟ್ಟೆ. ಆಮೇಲೆ ಸುಮ್ಮನೆ ಒಂದು ಕಾಗದ ತಗೊಂಡು ಗೀಚಿ ನೋಡಿದೆ. ಇರಲಿಲ್ಲ! ಎಷ್ಟು ತಿಂಗಳಿಂದ ಇರಲಿಲ್ವೋ ಗೊತ್ತಿಲ್ಲ. ನಮ್ಮ ಕೆಲಸ ಹಾಗೆ. ಎದುರಿಗೆ ಟೆಲಿಪ್ರಾಂಪ್ಟರ್ ಓಡುತ್ತಿರುತ್ತದೆ, ಕಿವಿಯಲ್ಲಿ ಪ್ರೊಡ್ಯೂಸರ್ ಕೂಗುತ್ತಿರುತ್ತಾರೆ. ಕೈಯಲ್ಲಿರುವ ಪೆನ್ನು ನಾಟಕದ ರಾಜನ ಕೈಯಲ್ಲಿರುವ ಕತ್ತಿ ಇದ್ದ ಹಾಗೆ. ಅದರಿಂದ ಯಾರೂ ಏನನ್ನೂ ಕೊಯ್ಯೋದಿಲ್ಲ.

ಆದರೆ ವೀಕ್ಷಕರೇ, ನನ್ನ ಕೋಟಿನ ಒಳಜೇಬಿನಲ್ಲಿ, ಕ್ಯಾಮೆರಾಗೆ ಕಾಣದ ಜಾಗದಲ್ಲಿ, ಇನ್ನೊಂದು ಪೆನ್ ಇರುತ್ತದೆ. ಕಪ್ಪು ಬಣ್ಣದ, ದಪ್ಪನೆಯ, ಹೆಸರೇ ಇಲ್ಲದ ಇಂಕ್ ಪೆನ್. ವಯಸ್ಸು ನನಗಿಂತ ನಾಲ್ಕು ವರ್ಷ ಹೆಚ್ಚು. ಅದರಲ್ಲಿ ಇಂಕ್ ಇದೆ. ಇವತ್ತು ಹೇಳೋಕೆ ಹೊರಟಿರೋದು ಅದರ ಕಥೆ. ಒಂದು ಪೆನ್ನಿನ ಕಥೆಗೆ ಅಮೆರಿಕ, ರಾಜಮಂಡ್ರಿ, ವಾರ್ಧಾ ಎಲ್ಲ ಯಾಕೆ ಬರುತ್ತೆ ಅಂತ ಕೇಳಬೇಡಿ. ಬರುತ್ತೆ. ಕೊನೆಗೆ ವಾಪಸ್ ಹೆಗ್ಗನಹಳ್ಳಿಗೇ ಬರೋಣ.

ನಾನು ಹುಟ್ಟಿ ಬೆಳೆದದ್ದು ಹೆಗ್ಗನಹಳ್ಳಿಯಲ್ಲಿ. ಪೀಣ್ಯದ ಕಾರ್ಖಾನೆಗಳಿಗೆ ಕೈಗಳನ್ನು ಒದಗಿಸಿದ ಊರು ಅದು. 2007ರಲ್ಲಿ ಬಿಬಿಎಂಪಿ ಆಗೋವರೆಗೂ ನಾವು ಬೆಂಗಳೂರಿನ ಹೊರಗಿನವರೇ. ಬೆಳಿಗ್ಗೆ ಶೀಟ್ ಮನೆಗಳಿಂದ ಟಿಫನ್ ಬಾಕ್ಸ್ ಹಿಡಿದ ಗಂಡಸರು ಮೆಷಿನ್ ಶಾಪ್‌ಗಳ ಕಡೆ, ಹೆಂಗಸರು ಗಾರ್ಮೆಂಟ್ಸ್ ಕಡೆ. ನಮ್ಮ ಮನೆಯಲ್ಲೂ ಅದೇ. ಅಮ್ಮ ಗಾರ್ಮೆಂಟ್ಸ್. ಅಪ್ಪ ಕುಣಿಗಲ್ ಕಡೆಯಿಂದ ಬಂದು, ಐಟಿಐನಲ್ಲಿ ಟರ್ನರ್ ಕಲಿತು, 1984ರಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ಸೇರಿದವರು. ಕಾರ್ಖಾನೆ ಹೆಸರು ಬೇಡ ಬಿಡಿ, ಈಗ ಅದೂ ಇಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಅಪ್ಪ ಒಂದು ವಿಷಯ ಗಮನಿಸಿದರಂತೆ. ಹಾಜರಿ ಪುಸ್ತಕವನ್ನು, ಅಂದರೆ ಮಸ್ಟರ್ ರೋಲನ್ನು, ಸೂಪರ್‌ವೈಸರ್ ಪೆನ್ಸಿಲ್‌ನಲ್ಲಿ ತುಂಬುತ್ತಿದ್ದರು. ತಿಂಗಳ ಕೊನೆಗೆ ಅದರ ಮೇಲೆ ಇಂಕಿನಲ್ಲಿ ತಿದ್ದುತ್ತಿದ್ದರು. ನಡುವೆ ಏನೇನು ಅಳಿಸಿ ಹೋಗುತ್ತಿತ್ತೋ ದೇವರಿಗೇ ಗೊತ್ತು. ಮೊದಲ ಸಂಬಳ ಬಂದ ಭಾನುವಾರ ಅಪ್ಪ ಅವೆನ್ಯೂ ರಸ್ತೆಗೆ ಹೋಗಿ ಮೂರು ಸಾಮಾನು ತಂದರು. ಒಂದು ಡೈರಿ, ಒಂದು ಇಂಕ್ ಪೆನ್, ಒಂದು ಬಾಟ್ಲಿ ಪರ್ಮನೆಂಟ್ ಬ್ಲೂ-ಬ್ಲ್ಯಾಕ್ ಇಂಕು. ಅವತ್ತಿನಿಂದ ದಿನಾ ರಾತ್ರಿ ಊಟ ಆದ ಮೇಲೆ ಒಂದೇ ಸಾಲು. ಯಾವ ಶಿಫ್ಟು, ಒಳಗೆ ಹೋದದ್ದು ಎಷ್ಟಕ್ಕೆ, ಹೊರಗೆ ಬಂದದ್ದು ಎಷ್ಟಕ್ಕೆ, ಲೇತ್ ನಂಬರ್ ಎಷ್ಟು, ಬುಷ್ ಎಷ್ಟು ಪೀಸ್.

ಇಲ್ಲಿ ಒಂದು ನಿಮಿಷ ನಿಲ್ಲೋಣ. ನಾವು ನ್ಯೂಸ್‌ನವರು ದಿನಕ್ಕೆ ಹತ್ತು ಸಲ ಹೇಳುವ ಒಂದು ಪದ ಇದೆ: ಕಡತ. ಕಡತ ವಿಲೇವಾರಿ, ಕಡತ ನಾಪತ್ತೆ, ಕಡತಕ್ಕೆ ಬೆಂಕಿ. ಈ ಕಡತ ಅಂದರೆ ಮೂಲದಲ್ಲಿ ಫೈಲ್ ಅಲ್ಲ. ಬಟ್ಟೆ! ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಅಂಟು ಮತ್ತು ಇದ್ದಿಲಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಪುಸ್ತಕದ ಹಾಗೆ ಮಡಿಚಿ, ಎರಡು ತುದಿಗೆ ಮರದ ಹಲಗೆ ಕಟ್ಟಿದರೆ ಅದು ಕಡತ. ಬರೆಯೋದು ಬಳಪದಲ್ಲಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆ ಅಂತ. ಅಂದರೆ ನಮ್ಮ ಹಳೇ ವ್ಯಾಪಾರಿಗಳ ಲೆಕ್ಕ, ಶೃಂಗೇರಿ ಮಠದ ದಾಖಲೆ, ಎಲ್ಲ ಬರೆದದ್ದು ಒರೆಸಿದರೆ ಹೋಗುವ ಅಕ್ಷರದಲ್ಲಿ. ಬಟ್ಟೆ ನೂರಾರು ವರ್ಷ ಬಾಳುತ್ತಿತ್ತು, ಅಕ್ಷರ ಬಾಳೋದು ಅದನ್ನು ಇಟ್ಟುಕೊಂಡವನ ನಿಯತ್ತಿನ ಮೇಲೆ. ಪೀಣ್ಯದ ಆ ಪೆನ್ಸಿಲ್ ಮಸ್ಟರ್ ರೋಲ್ ಇದ್ದದ್ದೂ ಹಾಗೇ ಅಲ್ವಾ? ಅಪ್ಪನಿಗೆ ಕಡತದ ಇತಿಹಾಸ ಗೊತ್ತಿರಲಿಲ್ಲ. ಆದರೆ ಅಳಿಸೋಕೆ ಆಗದೇ ಇರೋದು ತನ್ನ ಹತ್ತಿರ ಒಂದು ಇರಬೇಕು ಅನ್ನೋದು ಗೊತ್ತಿತ್ತು.

ಈಗ ಪೆನ್ನಿಗೆ ಬರೋಣ. ಜೇಬಿನಲ್ಲಿ ಇಟ್ಟುಕೊಂಡು ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋದರೂ ಸೋರದ, ಬರೆಯುವಾಗ ಕೈಕೊಡದ ಪೆನ್ ಮಾಡೋದು ಎಷ್ಟು ಕಷ್ಟ ಗೊತ್ತಾ? ಅದಕ್ಕೆ ಪ್ರಪಂಚ ಹತ್ತೊಂಬತ್ತನೇ ಶತಮಾನದ ಬಹುಪಾಲು ಒದ್ದಾಡಿದೆ. ಒಳಗೆ ಇಂಕು ತುಂಬಿ, ತುದಿಗೆ ನಿಬ್ಬು ಸಿಕ್ಕಿಸಿದ ಪೆನ್ನುಗಳು ಮುಂಚೆಯೂ ಇದ್ದವು. ಒಂದೋ ಬರೆಯುತ್ತಿರಲಿಲ್ಲ, ಇಲ್ಲಾ ಅಂಗಿ ಮೇಲೆ ಬರೆಯುತ್ತಿದ್ದವು. 1884ರಲ್ಲಿ ನ್ಯೂಯಾರ್ಕ್‌ನ ಲೂಯಿಸ್ ವಾಟರ್‌ಮನ್ ಅನ್ನೋ ಇನ್ಶೂರೆನ್ಸ್ ಏಜೆಂಟ್ ಇದಕ್ಕೊಂದು ದಾರಿ ಕಂಡುಹಿಡಿದು ಪೇಟೆಂಟ್ ತಗೊಂಡ. ಪಾಲಿಸಿಗೆ ಸಹಿ ಹಾಕಿಸುವಾಗ ಪೆನ್ ಸೋರಿ ಕಾಗದ ಹಾಳಾಯಿತು, ಬೇರೆ ಕಾಗದ ತರುವಷ್ಟರಲ್ಲಿ ಗಿರಾಕಿ ಇನ್ನೊಬ್ಬ ಏಜೆಂಟ್ ಪಾಲಾದ, ಆ ಸಿಟ್ಟಿಗೆ ಹೊಸ ಪೆನ್ ಕಂಡುಹಿಡಿದ ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಆ ಕಾಲದ ಯಾವ ದಾಖಲೆಯೂ ಅದಕ್ಕಿಲ್ಲ, ಎಷ್ಟೋ ವರ್ಷ ಆದ ಮೇಲೆ ಜಾಹೀರಾತಿನಲ್ಲಿ ಹುಟ್ಟಿದ ಕಥೆ. ಫೇಕ್ ನ್ಯೂಸ್ ವಾಟ್ಸ್‌ಆ್ಯಪ್ ಬಂದ ಮೇಲೇ ಶುರುವಾಯಿತು ಅಂದುಕೊಳ್ಳಬೇಡಿ.

ಅವನು ಮಾಡಿದ ಕೆಲಸ ಮಾತ್ರ ನಿಜ. ನಿಬ್ಬಿನ ಕೆಳಗೆ ನಾಲಿಗೆಯಂಥ ಒಂದು ಕಪ್ಪು ಕಡ್ಡಿ ಇರುತ್ತಲ್ಲ, ಚಿಕ್ಕವರಿದ್ದಾಗ ಕಿತ್ತು ನೋಡಿರ್ತೀರಿ. ಅದರ ಬೆನ್ನ ಮೇಲೆ ಒಂದು ಕಾಲುವೆ. ಆ ಕಾಲುವೆಯ ತಳದಲ್ಲಿ ಇನ್ನೂ ಸಣ್ಣ, ಕೂದಲೆಳೆಯಷ್ಟು ಸೀಳುಗಳು. ಸೀಳುಗಳಲ್ಲಿ ಇಂಕು ಇಳಿಯುತ್ತದೆ, ಇಳಿದಷ್ಟು ಜಾಗಕ್ಕೆ ಕಾಲುವೆಯಿಂದ ಗಾಳಿ ಮೇಲೆ ಹೋಗುತ್ತದೆ. ಗಾಳಿ ಒಳಗೆ ಹೋಗದೆ ಇಂಕು ಹೊರಗೆ ಬರಲ್ಲ. ಎಣ್ಣೆ ಡಬ್ಬಕ್ಕೆ ಅಮ್ಮ ಎರಡು ತೂತು ಹೊಡೆಯುತ್ತಾರಲ್ಲ, ಅದೇ ವಿದ್ಯೆ. ನಾನು ಇಂಜಿನಿಯರಿಂಗ್‌ನಲ್ಲಿ ಕ್ಯಾಪಿಲರಿ, ಸರ್ಫೇಸ್ ಟೆನ್ಷನ್ ಅಂತ ಹತ್ತು ಮಾರ್ಕಿಗೆ ಬರೆದು ಬಂದವನು. ಆದರೆ ಅರ್ಧ ಖಾಲಿಯಾದ ಪೆನ್ನು ಇದ್ದಕ್ಕಿದ್ದ ಹಾಗೆ ಯಾಕೆ ದಪ್ಪ ಹನಿ ಕಕ್ಕುತ್ತೆ ಅಂತ ಅರ್ಥ ಮಾಡಿಸಿದ್ದು ಅಪ್ಪ. ಪೆನ್ನನ್ನು ನನ್ನ ಮುಷ್ಟಿಯಲ್ಲಿ ಇಟ್ಟು, "ಬಿಸಿ ಆಯ್ತಾ? ಒಳಗಿರೋ ಗಾಳಿನೂ ಬಿಸಿ ಆಯ್ತು. ಗಾಳಿ ಉಬ್ತು, ಇಂಕನ್ನ ತಳ್ತು. ಅರ್ಧಕ್ಕೆ ಇಳಿಯೋಕೆ ಬಿಡಬೇಡ ಕಣೋ, ತುಂಬಿಸ್ತಾ ಇರು. ಇಂಕು ಜಾಸ್ತಿ ಇದ್ರೆ ಗಾಳಿ ಕಮ್ಮಿ, ಗಾಳಿ ಕಮ್ಮಿ ಇದ್ರೆ ಅದರ ಆಟನೂ ಕಮ್ಮಿ" ಅಂದರು. ಐದು ವಾಕ್ಯದಲ್ಲಿ ಒಂದು ಲೆಕ್ಚರ್ ಮುಗೀತು.

ಇಂಕಿನ ಕಥೆ ಇನ್ನೂ ಹಳೆಯದು. ನಮ್ಮ ಅಜ್ಜಿಯಂದಿರ ಮದ್ದಿನ ಡಬ್ಬದಲ್ಲಿ ಮಾಚಿಕಾಯಿ ಅಂತ ಒಂದು ಇರುತ್ತಿತ್ತು. ಮಗುವಿಗೆ ತೇಯ್ದು ನೆಕ್ಕಿಸುತ್ತಿದ್ದರು. ಅದು ಕಾಯಿ ಅಲ್ಲ, ಓಕ್ ಜಾತಿಯ ಗಿಡಕ್ಕೆ ಹುಳ ಮೊಟ್ಟೆ ಇಟ್ಟಾಗ ಏಳುವ ಗಂಟು. ಒಗರಿನ ಅಂಶ, ಅಂದರೆ ಟ್ಯಾನಿನ್, ಅದರಲ್ಲಿ ವಿಪರೀತ. ಅದರ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್ ಹಾಕಿದರೆ ಇಂಕು. ಯುರೋಪಿನಲ್ಲಿ ನೂರಾರು ವರ್ಷ ರಾಜಪತ್ರ, ಚರ್ಚಿನ ದಾಖಲೆ, ಜಮೀನಿನ ಪತ್ರ ಎಲ್ಲವನ್ನೂ ಇದರಲ್ಲೇ ಬರೆದರು. ಇದರ ಮಜಾ ಏನು ಅಂದರೆ, ಬರೆಯುವಾಗ ಈ ಇಂಕು ತೆಳು. ಕಾಗದದ ಎಳೆಯೊಳಗೆ ಇಳಿಯುತ್ತದೆ. ಆಮೇಲೆ ಗಾಳಿ ತಾಗಿ, ಕಬ್ಬಿಣ ಬದಲಾಗಿ, ಅಲ್ಲೇ ಕಪ್ಪಾಗಿ ಕೂತುಬಿಡುತ್ತದೆ. ಮತ್ತೆ ನೀರಿಗೆ ಕರಗಲ್ಲ. ಬರೆಯುವ ಹೊತ್ತಿಗೆ ಅಕ್ಷರ ಕಾಣಲಿ ಅಂತ ಒಂದಿಷ್ಟು ನೀಲಿ ಬಣ್ಣ ಸೇರಿಸುತ್ತಾರೆ. ಹಾಗಾಗಿ ಇವತ್ತು ನೀಲಿ, ಆಮೇಲೆ ಕಪ್ಪು. ಬ್ಲೂ-ಬ್ಲ್ಯಾಕ್ ಅನ್ನೋ ಹೆಸರು ಬಂದದ್ದೇ ಹೀಗೆ! ನಾನು ಎಷ್ಟೋ ವರ್ಷ ಅದು ಎರಡು ಬಣ್ಣ ಕಲಸಿದ್ದು ಅಂದುಕೊಂಡಿದ್ದೆ. ನಮ್ಮ ಭಾರತೀಯ ಮಾನಕದಲ್ಲೂ ಇದಕ್ಕೊಂದು ಜಾಗ ಇದೆ. ಐಎಸ್ 220 ಅಂದರೆ ಕಬ್ಬಿಣ ಶೇಕಡಾ 0.1 ಇರುವ ಫೌಂಟನ್ ಪೆನ್ ಇಂಕು. ಬರೀ ಬಣ್ಣದ ಇಂಕಿಗೆ, ಅಂದರೆ ರಾಯಲ್ ಬ್ಲೂ, ಕೆಂಪು, ಹಸಿರಿನಂಥದ್ದಕ್ಕೆ ಬೇರೆ ಮಾನಕ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಪ್ಪಾಗಿ ಕೂರುವ ಇಂಕು ಅಂದಾಗ ನಮ್ಮ ಮೈಸೂರು ನೆನಪಾಗದೆ ಇರುತ್ತಾ? ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಗುರುತು ಹಾಕುತ್ತಿದೆ. ಅದರಲ್ಲಿ ಕಬ್ಬಿಣ ಅಲ್ಲ, ಬೆಳ್ಳಿ. ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕಿಗೆ ಕಪ್ಪಾಗುತ್ತದೆ. ಹಚ್ಚಿದ ಮೇಲೆ ಕಪ್ಪಾಗುವ ವಿಷಯದಲ್ಲಿ ಎರಡೂ ಅಣ್ಣ ತಮ್ಮಂದಿರು.

ಕಬ್ಬಿಣದ ಇಂಕಿಗೆ ಒಂದು ಕೆಟ್ಟ ಗುಣ ಇತ್ತು. ಅದು ಹುಳಿ, ಅಂದರೆ ಆ್ಯಸಿಡ್. ಸ್ಟೀಲ್ ನಿಬ್ಬನ್ನು ತಿಂದುಹಾಕುತ್ತಿತ್ತು. ಅದಕ್ಕೇ ಒಳ್ಳೆಯ ಪೆನ್ನಿಗೆ 14 ಕ್ಯಾರೆಟ್ ಚಿನ್ನದ ನಿಬ್ಬು. ಶೋಕಿಗಲ್ಲ. ಚಿನ್ನ ಮೆತ್ತಗೆ, ಬೇಗ ಸವೆಯುತ್ತದೆ, ಹಾಗಾಗಿ ತುದಿಗೆ ಆಸ್ಮಿಯಮ್-ಇರಿಡಿಯಮ್ ಅನ್ನೋ ಗಟ್ಟಿ ಲೋಹದ ಒಂದು ಕಾಳು. ಮೈಗೆ ಎಬೊನೈಟ್, ಅಂದರೆ ಗಂಧಕ ಹಾಕಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ಆ್ಯಸಿಡ್‌ಗೆ ಜಗ್ಗಲ್ಲ, ಲೇತ್‌ನಲ್ಲಿ ಬೆಣ್ಣೆ ಹಾಗೆ ಕಡಿಯುತ್ತದೆ. ಹಳೇ ಪೆನ್ನನ್ನು ಉಜ್ಜಿ ಮೂಸಿ ನೋಡಿ, ಗಂಧಕದ ವಾಸನೆ ಬರುತ್ತದೆ. ಈಗ ಯೋಚನೆ ಮಾಡಿ. ಚಿನ್ನದ ಕೆಲಸ, ಲೇತ್ ಕೆಲಸ, ರಸಾಯನ. ಮೂರೂ ಸೇರಿದರೆ ಒಂದು ಪೆನ್. ಆ ಕಾಲದಲ್ಲಿ ಅದು ಇಂಗ್ಲೆಂಡು ಅಮೆರಿಕದಿಂದಲೇ ಬರಬೇಕು ಅಂತ ಜನ ನಂಬಿದ್ದರಲ್ಲಿ ಆಶ್ಚರ್ಯ ಇಲ್ಲ.

ನಂಬದವರೂ ಇದ್ದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಕಾಶಿಯಲ್ಲಿ ರಾಧಿಕಾನಾಥ ಸಾಹಾ ಅನ್ನೋ ಡಾಕ್ಟರ್ 'ಲಕ್ಷ್ಮಿ' ಹೆಸರಿನ ಪೆನ್ ಮಾಡಿ ಪೇಟೆಂಟ್ ತಗೊಂಡರು. ಆದರೆ ದಕ್ಷಿಣದವರಿಗೆ ಹತ್ತಿರದ ಕಥೆ ರಾಜಮಂಡ್ರಿಯದು. ಗೋದಾವರಿ ದಂಡೆಯ ಆ ಊರಿನಲ್ಲಿ ಚಿನ್ನದ ಕೆಲಸ ಗೊತ್ತಿದ್ದ ಕೆ.ವಿ. ರತ್ನಂ ಅವರಿಗೆ ಗಾಂಧೀಜಿ ಸಿಕ್ಕಾಗ, ಜನಸಾಮಾನ್ಯರಿಗೆ ಉಪಯೋಗಕ್ಕೆ ಬರೋದನ್ನ ಮಾಡು ಅಂದರಂತೆ. 1932ರಲ್ಲಿ ರತ್ನಂ ಪೆನ್ ಶುರು ಮಾಡಿದರು. ಅವರು ಕಳಿಸಿದ ಮೊದಲ ಪೆನ್ನಿನಲ್ಲಿ ಹೊರದೇಶದ ಬಿಡಿಭಾಗ ಇದೆ ಅಂತ ಗಾಂಧೀಜಿ ಒಪ್ಪಲಿಲ್ಲ ಅನ್ನೋ ಮಾತು ಆ ಮನೆತನದಲ್ಲಿದೆ. ಎಲ್ಲವೂ ಇಲ್ಲೇ ತಯಾರಾದ ಪೆನ್ನು ಗ್ರಾಮೋದ್ಯೋಗ ಸಂಘದ ಜೆ.ಸಿ. ಕುಮಾರಪ್ಪನವರ ಮೂಲಕ ತಲುಪಿತು. 1935ರ ಜುಲೈ 16ರಂದು ವಾರ್ಧಾದಿಂದ ಗಾಂಧೀಜಿ ರತ್ನಂ ಅವರಿಗೆ ಕಾಗದ ಬರೆದರು. ಪೆನ್ ಬಳಸಿ ನೋಡಿದೆ, ಅಂಗಡಿಯಲ್ಲಿ ಸಿಗುವ ವಿದೇಶಿ ಪೆನ್ನಿನ ಜಾಗಕ್ಕೆ ಇದು ಸಾಕು ಅನ್ನೋ ಅರ್ಥದ ನಾಲ್ಕು ಸಾಲು. ಹೊಗಳಿಕೆಯಲ್ಲೂ ಎಷ್ಟು ಲೆಕ್ಕ ನೋಡಿ! ಇವತ್ತಿನ ಯಾವ ಸೆಲೆಬ್ರಿಟಿ ಜಾಹೀರಾತಿಗೂ ಆ ಸಂಕೋಚ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಆಮದಿಗೆ ಬಿಗಿ. ಪಾರ್ಕರ್, ಶೀಫರ್ ಅಂದರೆ ಫಾರಿನ್‌ನಿಂದ ಬಂದ ಮಾವನ ಜೇಬಿನಲ್ಲಿ ನೋಡಬೇಕು. ಬಾಕಿ ಜನರ ಕೈಗೆ ಬಂದದ್ದು ಸಣ್ಣ ಸಣ್ಣ ಮೆಷಿನ್ ಶಾಪ್‌ಗಳಲ್ಲಿ ಕಡೆದ ಪೆನ್ನು. ಒಳಗೆ ಪಂಪಿಲ್ಲ, ಟ್ಯೂಬಿಲ್ಲ. ಕತ್ತು ತಿರುಗಿಸಿ ತೆಗೆದು, ಫಿಲ್ಲರ್‌ನಲ್ಲಿ ಇಂಕು ಬಿಟ್ಟು, ಮತ್ತೆ ತಿರುಗಿಸಿ ಮುಚ್ಚೋದು. ಕೆಟ್ಟು ಹೋಗೋಕೆ ಒಳಗೆ ಏನೂ ಇಲ್ಲ, ಅದೇ ಅದರ ಶಕ್ತಿ. ಆಮೇಲೆ ಚೀನಾದ ಹೀರೋ ಪೆನ್ ಬಂತು. ಹೊಳೆಯುವ ಕ್ಯಾಪು, ಮೂತಿಯಷ್ಟೇ ಕಾಣುವ ನಿಬ್ಬು. ನಮ್ಮ ಕ್ಲಾಸಿನಲ್ಲಿ ಹೀರೋ ಪೆನ್ ಇದ್ದವನೇ ಹೀರೋ.

ಬಾಲ್ ಪೆನ್ನಿನ ಕಥೆ ಎಲ್ಲರಿಗೂ ಗೊತ್ತು. ಹಂಗೇರಿಯ ಪತ್ರಕರ್ತ ಲಾಜ್ಲೋ ಬಿರೋ, ಪೇಪರ್ ಅಚ್ಚು ಹಾಕುವ ಇಂಕು ಬೇಗ ಒಣಗೋದನ್ನ ನೋಡಿ, 1938ರಲ್ಲಿ ಪೇಟೆಂಟ್ ಮಾಡಿಸಿದ. 1945ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಅಂಗಡಿಗೆ ಬಂದಾಗ ಒಂದರ ಬೆಲೆ ಹನ್ನೆರಡೂವರೆ ಡಾಲರ್. ನಮ್ಮಲ್ಲಿ ಅದಕ್ಕೆ ಬಹಳ ವರ್ಷ ಒಳಗೆ ಪ್ರವೇಶ ಇರಲಿಲ್ಲ. ಬ್ಯಾಂಕಿನಲ್ಲಿ ಬಾಲ್ ಪೆನ್ ಸಹಿ ನಡೆಯಲ್ಲ ಅಂತ ವಾಪಸ್ ಕಳಿಸುತ್ತಿದ್ದದ್ದನ್ನು ಅಪ್ಪ ಇನ್ನೂ ಹೇಳುತ್ತಾರೆ. ಶಾಲೆಯಲ್ಲಿ ಮೇಷ್ಟ್ರು, "ಬಾಲ್ ಪೆನ್ನಲ್ಲಿ ಬರೆದ್ರೆ ಕೈಬರಹ ಕೆಡುತ್ತೆ" ಅಂತ ಸ್ಕೇಲ್ ಎತ್ತುತ್ತಿದ್ದರು. ನಾನು ಐದನೇ ಕ್ಲಾಸಿಗೆ ಬಂದಾಗ ರೆನಾಲ್ಡ್ಸ್‌ನ ಬಿಳೀ ಮೈ, ನೀಲಿ ಕ್ಯಾಪು ಎಲ್ಲ ಜೇಬಿನಲ್ಲೂ ಇತ್ತು. ಆದರೂ ಕಾಪಿ ಬರೆಯೋಕೆ ಇಂಕ್ ಪೆನ್ನೇ. ಇಂಕ್ ಮುಗಿದರೆ ಪಕ್ಕದವನು ಬೆಂಚಿನ ಮೇಲೆ ನಾಲ್ಕು ಹನಿ ಸಾಲ ಬಿಡುತ್ತಿದ್ದ. ಚೆಲ್ಲಿದ್ದನ್ನು ಚಾಕ್‌ಪೀಸ್ ಹೀರುತ್ತಿತ್ತು. ಎಸ್ಸೆಸ್ಸೆಲ್ಸಿ ಕೊನೇ ದಿನ ಬಿಳೀ ಶರ್ಟಿನ ಬೆನ್ನಿಗೆ ಬೀಳುತ್ತಿದ್ದ ಇಂಕಿನ ಬಗ್ಗೆ ನಿಮ್ಮ ಅಮ್ಮಂದಿರನ್ನು ಕೇಳಿ.

ಅಪ್ಪನ ಪೆನ್ನು ಮನೆಯಲ್ಲಿ ಯಾರಿಗೂ ಕೊಡುವಂತಿರಲಿಲ್ಲ. ಅವರು ಹಿಡಿಯುವ ಓರೆಗೆ ನಿಬ್ಬು ಸವೆದಿತ್ತು, ಬೇರೆಯವರು ಒತ್ತಿದರೆ ಕೆರೆಯುತ್ತಿತ್ತು. ಬಸ್ಸಿನಲ್ಲಿ ಯಾರಾದರೂ "ಸ್ವಲ್ಪ ಪೆನ್ ಕೊಡಿ ಸಾರ್" ಅಂದರೆ ಕ್ಯಾಪ್ ತಮ್ಮ ಹತ್ತಿರ ಇಟ್ಟುಕೊಂಡು ಪೆನ್ ಕೊಡುತ್ತಿದ್ದರು. ಕ್ಯಾಪಿಲ್ಲದ ಪೆನ್ನನ್ನು ಯಾರು ಜೇಬಿಗೆ ಹಾಕಿಕೊಂಡು ಹೋಗ್ತಾರೆ? ಭಾನುವಾರ ತಣ್ಣೀರಿನಲ್ಲಿ ತೊಳೆಯೋದು. ಬಿಸಿನೀರು ತಾಗಿದರೆ ಎಬೊನೈಟ್ ಬಣ್ಣ ಕೆಡುತ್ತೆ ಅಂತ ಅಮ್ಮನ ಹಂಡೆ ಹತ್ತಿರವೂ ಒಯ್ಯುತ್ತಿರಲಿಲ್ಲ. ಕಬ್ಬಿಣದ ಇಂಕು ಪೆನ್ನಿನೊಳಗೇ ಒಣಗಿದರೆ ಕಾಲುವೆ ಕಟ್ಟಿಕೊಳ್ಳುತ್ತದೆ, ಅದಕ್ಕೆ ಒಂದು ದಿನವೂ ಬರೆಯದೆ ಬಿಡುತ್ತಿರಲಿಲ್ಲ. ಜ್ವರ ಬಂದ ದಿನ ಡೈರಿಯಲ್ಲಿ 'ಜ್ವರ' ಅಂತ ಬರೆದಿದ್ದಾರೆ. ಒಂದು ಸಲ ಕತ್ತಿನ ಹತ್ತಿರ ಸೀಳು ಬಂತು. ಕಾರ್ಖಾನೆಯ ಸ್ಕ್ರ್ಯಾಪ್‌ನಲ್ಲಿ ಸಿಕ್ಕ ಕಪ್ಪು ಡೆಲ್ರಿನ್ ಕಡ್ಡಿಯಲ್ಲಿ, ಊಟದ ಬಿಡುವಿನಲ್ಲಿ, ತಮ್ಮ ಲೇತ್ ಮೇಲೇ ಹೊಸ ಕತ್ತು ಕಡೆದುಕೊಂಡರು. ಥ್ರೆಡ್ ಎಷ್ಟು ಸರಿಯಾಗಿದೆ ಅಂದರೆ ಇವತ್ತಿಗೂ ಅಲ್ಲಿಂದ ಒಂದು ಹನಿ ಸೋರಿಲ್ಲ.

2004ರಲ್ಲಿ ಕಾರ್ಖಾನೆ ಮುಚ್ಚಿತು.

ಗ್ರ್ಯಾಚುಟಿ ವಿಷಯ ನಿಮಗೆ ಗೊತ್ತಿರಬಹುದು. ಆಗ ಇದ್ದದ್ದು 1972ರ ಕಾಯ್ದೆ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕಿತ್ತು. ಅಪ್ಪನ ಲೆಕ್ಕದ ಸಂಬಳ 5,200 ರೂಪಾಯಿ. ವರ್ಷಕ್ಕೆ 3,000 ಬರುತ್ತದೆ. ಆಡಳಿತದವರು, "ನೀವು ಸೇರಿದ್ದು 1989ರಲ್ಲಿ, ಅದಕ್ಕೆ ಮುಂಚಿನ ರಿಜಿಸ್ಟರ್ ಇಲ್ಲ" ಅಂದುಬಿಟ್ಟರು. ಐದು ವರ್ಷ ಹೋಯಿತು. ಹದಿನೈದು ಸಾವಿರ. ನನ್ನ ಕಾಲೇಜು ಫೀಸು ಅಂತ ಅಮ್ಮ ಮನಸ್ಸಿನಲ್ಲೇ ಎತ್ತಿಟ್ಟಿದ್ದ ದುಡ್ಡು. ಅಪ್ಪ ಮಾತಾಡಲಿಲ್ಲ. ಮಂಚದ ಕೆಳಗಿನ ಟ್ರಂಕಿನಿಂದ 1984ರಿಂದ 88ರವರೆಗಿನ ಐದು ಡೈರಿ ತೆಗೆದು ಒರೆಸಿಟ್ಟರು. 2005ರಲ್ಲಿ ಅರ್ಜಿ ಹಾಕಿದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಿದ್ದ ಮಳೆ ನಿಮಗೆ ನೆನಪಿರಬೇಕು. ನಮ್ಮ ಬೀದಿಯ ಮೋರಿ ಉಕ್ಕಿ ರಾತ್ರಿ ಎರಡು ಗಂಟೆಗೆ ಮನೆಯೊಳಗೆ ಮೊಣಕಾಲುದ್ದ ನೀರು. ಟ್ರಂಕು ಮುಳುಗಿತು. ಬೆಳಿಗ್ಗೆ ಅಕ್ಕ ಮತ್ತು ನಾನು ಒಂದೊಂದೇ ಪುಟದ ನಡುವೆ ಹಳೇ ಪೇಪರ್ ಇಟ್ಟು, ಫ್ಯಾನ್ ಕೆಳಗೆ ಹರಡಿದೆವು. ನಾನು ಆಗ ಪಿಯುಸಿ. ಡೈರಿಯ ರಟ್ಟು ಕಳಚಿತ್ತು, ಗೆರೆಗಳು ಹರಡಿದ್ದವು, ಕೆಸರಿನ ವಾಸನೆ. ಆದರೆ 84 ಓದೋಕೆ ಆಗುತ್ತಿತ್ತು. 85 ಆಗುತ್ತಿತ್ತು. 87, 88 ಕೂಡ. ನೀಲಿ ಎಲ್ಲ ಹೋಗಿ, ಕಂದುಗಪ್ಪು ಅಕ್ಷರ ಕಾಗದಕ್ಕೆ ಕಚ್ಚಿಕೊಂಡು ಕೂತಿತ್ತು. ನೀರು ಬಣ್ಣವನ್ನು ತೊಳೆದಿತ್ತು, ಕಬ್ಬಿಣವನ್ನು ತೊಳೆಯೋಕೆ ಆಗಿರಲಿಲ್ಲ.

86ನ್ನು ತೆಗೆದೆವು. ಜೂನ್‌ವರೆಗೆ ಅಕ್ಷರ. ಜುಲೈಯಿಂದ ಡಿಸೆಂಬರ್‌ವರೆಗೆ ಪುಟ ಪುಟವೂ ತಿಳಿನೀಲಿ ಆಕಾಶ.

ಅಕ್ಕನಿಗೆ ಮೊದಲು ಗೊತ್ತಾಯಿತು. ಅವಳು ಅಳೋಕೆ ಶುರು ಮಾಡಿದಳು. ಆ ವರ್ಷ ಅವಳು ಇಂಕ್ ಪೆನ್ನಿನ ಕ್ಲಾಸಿಗೆ ಬಂದಿದ್ದಳು. ಟೀಚರ್ ರಾಯಲ್ ಬ್ಲೂ ತರಬೇಕು ಅಂದಿದ್ದರು. ಮನೆಗೆ ಎರಡು ಬಾಟ್ಲಿ ತರುವಷ್ಟು ಅನುಕೂಲ ಇರಲಿಲ್ಲ. ಅಪ್ಪ ಅವಳ ಬಾಟ್ಲಿಯಿಂದಲೇ ತಾವೂ ತುಂಬಿಸಿಕೊಂಡಿದ್ದರು. ರಾಯಲ್ ಬ್ಲೂ ಅಂದರೆ ಬರೀ ಬಣ್ಣ. ಬಟ್ಟೆಗೆ ಬಿದ್ದರೆ ತೊಳೆದು ತೆಗೆಯಬಹುದು ಅಂತಲೇ ಮಕ್ಕಳಿಗೆ ಕೊಡುವ ಇಂಕು.

ಆರು ತಿಂಗಳು ಹೋದರೆ ಏನಾಯಿತು ಅನ್ನಬೇಡಿ. ಆ ಕಾಯ್ದೆ ಕೇಳುತ್ತಿದ್ದದ್ದು ನಿರಂತರ ಸೇವೆಯನ್ನು. ವರ್ಷಕ್ಕೆ 240 ದಿನದ ಲೆಕ್ಕ ತೋರಿಸಬೇಕಿತ್ತು. ಜೂನ್‌ವರೆಗೆ ಎಣಿಸಿದರೆ ನೂರೈವತ್ತೂ ದಾಟುತ್ತಿರಲಿಲ್ಲ. ವಿಚಾರಣೆಯಲ್ಲಿ ಆಡಳಿತದ ವಕೀಲರು ಅದನ್ನೇ ಹಿಡಿದರು. "86ರ ನಡುವೆ ಇವರು ಕೆಲಸ ಬಿಟ್ಟು ಹೋಗಿದ್ದರು, ಮತ್ತೆ ಬಂದಿರಬಹುದು, ಮುಂಚಿನದು ಲೆಕ್ಕಕ್ಕೆ ಬರಲ್ಲ" ಅಂದರು. ಅಪ್ಪ ಖಾಲಿ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ನಿಬ್ಬು ಒತ್ತಿದ ಗೀರುಗಳನ್ನು ಅಧಿಕಾರಿಗೆ ತೋರಿಸೋಕೆ ನೋಡಿದರಂತೆ. ಅಧಿಕಾರಿ ತಾಳ್ಮೆಯಿಂದ ನೋಡಿದರು, ನಾಲ್ಕು ಸಾಲು ಓದಿದರೂ ಕೂಡ. ಕೊನೆಗೆ ಎರಡೂ ಕಡೆಯವರು ರಾಜಿಗೆ ಬಂದರು. ಐದರ ಬದಲು ಮೂರು ವರ್ಷ. ಒಂಬತ್ತು ಸಾವಿರ. ಪೆನ್ಸಿಲ್ ಮಸ್ಟರ್ ರೋಲ್ ಒಂದೇ ಇದ್ದಿದ್ದರೆ ಅದೂ ಬರುತ್ತಿರಲಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದ ಕೆಲವರಿಗೆ ಬರಲೂ ಇಲ್ಲ. ಅವರ ಹತ್ತಿರ ಡೈರಿ ಇರಲಿಲ್ಲ.

ಅಕ್ಕನಿಗೆ ಇವತ್ತಿಗೂ ರಾಯಲ್ ಬ್ಲೂ ಕಂಡರೆ ಆಗಲ್ಲ. ಅಪ್ಪ ಮಾತ್ರ ಅವಳಿಗೆ ಒಂದು ಮಾತು ಅಂದದ್ದು ನಾನು ಕೇಳಿಲ್ಲ. "ನಿನ್ನ ಬರವಣಿಗೆ ಚೆನ್ನಾಗಾಯ್ತಲ್ಲಮ್ಮ, ಅದೂ ಬೇಕಿತ್ತಲ್ಲ" ಅಂತ ಒಂದೇ ಸಲ ಅಂದಿದ್ದರು.

ಪೆನ್ನು ನನ್ನ ಕೈಗೆ ಬಂದದ್ದು ನಾನು ಇಂಜಿನಿಯರಿಂಗ್ ಮುಗಿಸಿ, ಕಂಪನಿ ಬಿಟ್ಟು, ಟಿವಿಗೆ ಸೇರುತ್ತೀನಿ ಅಂದ ದಿನ. ಅಪ್ಪನಿಗೆ ಆ ತೀರ್ಮಾನ ಇಷ್ಟ ಇರಲಿಲ್ಲ. ಆದರೂ ಕೊಟ್ಟರು, ಕ್ಯಾಪ್ ಸಮೇತ. ಈಗ ಅದರಲ್ಲಿ ಬರೆಯೋದು ದಿನಕ್ಕೊಂದು ಪುಟ: ಇವತ್ತು ಯಾರನ್ನು ಏನು ಕೇಳಿದೆ, ಅವರು ಏನು ಹೇಳಿದರು, ಯಾವ ಅಂಕಿ ತಪ್ಪು ಹೇಳಿದೆ. ತಪ್ಪು ಹೇಳಿದ ದಿನಗಳು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ. ಬ್ಲೂ-ಬ್ಲ್ಯಾಕ್ ಅಂತ ಬರೆದ ಬಾಟ್ಲಿಗಳಲ್ಲಿ ಈಗ ಎಷ್ಟೋ ಬರೀ ಬಣ್ಣದವು. ಹಾಗಾಗಿ ಹೊಸ ಬಾಟ್ಲಿ ತಂದಾಗ ಒಂದು ಕಾಗದದ ಮೇಲೆ ಬರೆದು, ಒಂದು ವಾರ ಬಿಟ್ಟು ನಲ್ಲಿ ಕೆಳಗೆ ಹಿಡಿಯುತ್ತೇನೆ. ಅಕ್ಷರ ಉಳಿದರೆ ಮಾತ್ರ ಪೆನ್ನಿಗೆ.

ಆ ವೀಕ್ಷಕರ ಪ್ರಶ್ನೆ ಬಂದ ಮೇಲೆ ನನಗೂ ಒಂದು ಹಠ ಬಂತು. ಮೊನ್ನೆ ಸೋಮವಾರ ಒಣಗಿದ ಬಾಲ್ ಪೆನ್ನನ್ನು ಮೇಕಪ್ ರೂಮಿನಲ್ಲೇ ಬಿಟ್ಟು, ಅಪ್ಪನ ಪೆನ್ ಹಿಡಿದು ಕೂತೆ. ಸ್ಟುಡಿಯೋ ಲೈಟಿನ ಬಿಸಿ, ಮುಷ್ಟಿಯ ಬಿಸಿ, ಚರ್ಚೆಯ ಬಿಸಿ. ಎರಡನೇ ಬ್ರೇಕಿಗೆ ಮುಂಚೆ ಪೆನ್ ಎತ್ತಿ ಬೆರಳು ಮಾಡಿದ ಹಾಗೆ ತೋರಿಸಿದೆ ನೋಡಿ, ದಪ್ಪನೆಯ ಒಂದು ಹನಿ ಸೀದಾ ಸ್ಕ್ರಿಪ್ಟ್ ಮೇಲೆ. ಇನ್ನೊಂದು ಬಿಳೀ ಕಫ್ ಮೇಲೆ. ಕ್ಯಾಮೆರಾಮನ್ ಜಾಣ, ಶಾಟ್ ಬದಲಿಸಿದ. ಬಹಳ ಜನ ಗಮನಿಸಲಿಲ್ಲ ಅಂದುಕೊಂಡು ಮನೆಗೆ ಹೋದೆ.

ಅಪ್ಪ ಎದ್ದೇ ಇದ್ದರು. ಟಿವಿ ಆಫ್ ಆಗಿತ್ತು. ನನ್ನ ಕಫ್ ಕಡೆ ನೋಡಿ ಕೇಳಿದರು:

"ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ಅಲ್ವಾ?"